ಕೊಳ್ಳೆ ಹೋಗುವ ಮುನ್ನ ಬಾಗಿಲು ಹಾಕಿ



ನಿಮ್ಮ ಮನೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆಯಲ್ಲವೆ? ಅದರಲ್ಲಿ ಏನೇನಿದೆ? ನುಡಿಯಲ್ಲೋ ಬರಹದಲ್ಲೋ ಬೆರಳಚ್ಚು ಮಾಡಿದ ಕತೆ, ಕರಪತ್ರ, ಸಂಘದ ಲೆಕ್ಕ, ಮಗಳ ಮದುವೆಯ ಫೋಟೋ. "ಇನ್ನೂ ಓಡುತ್ತಿದೆ, ಯಾಕೆ ಬದಲಿಸಬೇಕು?" ಎನ್ನುತ್ತೀರಿ. ಸರಿ, ಅದನ್ನು ಗುಜರಿಗೆ ಹಾಕಿ ಎಂದು ನಾನೂ ಹೇಳುವುದಿಲ್ಲ. ಆದರೆ ಅದರ ಬಾಗಿಲಿಗೆ ಅಗುಳಿ ಇದೆಯೆ?

2017ರ ಮೇ 12ರಂದು 'ವನ್ನಾಕ್ರೈ' ಎಂಬ ಹುಳು ಜಗತ್ತಿನ ಉದ್ದಗಲಕ್ಕೂ ಕಂಪ್ಯೂಟರುಗಳಿಗೆ ನುಗ್ಗಿತು. ಕಡತಗಳಿಗೆಲ್ಲ ಬೀಗ ಜಡಿದು, ಬೀಗದ ಕೈಗೆ 300 ಡಾಲರ್ ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ಹೆಚ್ಚು ಸಿಕ್ಕಿಬಿದ್ದದ್ದು ವಿಂಡೋಸ್ 7 ಯಂತ್ರಗಳು. ವಿಷಾದವೇನು ಗೊತ್ತೆ? ಆ ಬಿರುಕಿಗೆ ಹಾಕುವ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು! ಎರಡು ತಿಂಗಳು ಸಮಯವಿತ್ತು. ನಾಳೆ ಎಂದವನ ಮನೆ ಹಾಳು.

ಇನ್ನು ತೇಪೆಯೇ ಬಾರದ ಯಂತ್ರಗಳ ಗತಿ? ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್ 8ರಂದು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಯ ಬಳಕೆದಾರರಿಗೆ ಕಂಪನಿ ಮತ್ತೊಂದು ವರ್ಷದ ಗಡುವು ಕೊಟ್ಟಿತು. ಹೊಸ ಆವೃತ್ತಿಗೆ ತೇಪೆ ಬಂದಾಗಲೆಲ್ಲ ಕಳ್ಳ ಅದನ್ನು ಬಿಚ್ಚಿ ನೋಡುತ್ತಾನೆ. ಅದೇ ಬಿರುಕು ಹಳೆಯದರಲ್ಲೂ ಇದ್ದರೆ ಅವನಿಗೆ ದಾರಿ ಸಿಕ್ಕಿತು. "ಆಂಟಿವೈರಸ್ ಇದೆಯಲ್ಲ" ಎನ್ನಬೇಡಿ. ಗೋಡೆ ಬಿರಿದ ಮನೆಗೆ ಕಾವಲುಗಾರ ಒಬ್ಬನೇ ಸಾಲದು.

ಹಾಗಾದರೆ ಮಾಡುವುದೇನು? ತೇಪೆ ಬರುವ ಯಂತ್ರವಾದರೆ ಬಂದ ದಿನವೇ ಹಾಕಿಕೊಳ್ಳಿ. ಬಾರದ ಯಂತ್ರವಾದರೆ ಇಂಟರ್‌ನೆಟ್ ಸಂಪರ್ಕ ಕಿತ್ತುಬಿಡಿ; ಬರೀ ಟೈಪಿಂಗ್‌ಗೆ ಇಟ್ಟುಕೊಳ್ಳಿ. ಆಗಲೂ ಕಂಡಕಂಡವರ ಪೆನ್‌ಡ್ರೈವ್ ಚುಚ್ಚಬೇಡಿ, ಹುಳು ಅದರಲ್ಲೂ ಬರುತ್ತದೆ. ಇಂಟರ್‌ನೆಟ್ ಬೇಕೇಬೇಕೆಂದರೆ ಲಿನಕ್ಸ್ ಹಾಕಿಸಿ. ಅದು ಉಚಿತ; ಅದರ ಹಗುರ ಆವೃತ್ತಿಗಳಿಗೆ 4 ಜಿಬಿ ಮೆಮೊರಿ ಸಾಕು; ಕನ್ನಡವನ್ನೂ ಬರೆಯಬಹುದು. ನುಡಿ, ಬರಹದ ಹಳೆಯ ಕಡತಗಳನ್ನು ಅದಕ್ಕೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಕದ್ದ ಸಾಫ್ಟ್‌ವೇರ್ ಮಾತ್ರ ಬೇಡವೇ ಬೇಡ. ಬಿಟ್ಟಿ ಸಿಗುವ ಅದರ ಜೊತೆಗೆ ಹುಳುವೂ ಬಿಟ್ಟಿಯಾಗಿ ಬರಬಹುದು.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎಚ್ಚರಿಕೆ ಬಂದರೆ ಓದದೆ ಒತ್ತಬೇಡಿ. ತಿಳಿಯದಿದ್ದರೆ ಬಲ್ಲವರನ್ನು ಕೇಳಿ, ಅದರಲ್ಲಿ ನಾಚಿಕೆಯೇನು? ವಿಂಡೋಸ್ ಪರದೆಯನ್ನೇ ಕನ್ನಡಕ್ಕೆ ತಿರುಗಿಸಿಕೊಳ್ಳುವ ಸೌಲಭ್ಯವಿದೆ. ಅದು ನಿಮ್ಮ ಹಕ್ಕು, ಬಳಸಿ!

ಕೊನೆಯ ಮಾತು. ಇಂದು ರಾತ್ರಿಯೇ ನಿಮ್ಮ ಕಡತಗಳನ್ನು ಇನ್ನೊಂದು ಡಿಸ್ಕಿಗೆ ನಕಲು ಮಾಡಿ. ಮಾಡಿದ ಮೇಲೆ ಆ ಡಿಸ್ಕನ್ನು ಬಿಡಿಸಿ ಬೀರುವಿನಲ್ಲಿಡಿ. ಚುಚ್ಚಿಕೊಂಡೇ ಇದ್ದರೆ ಹುಳು ಅದಕ್ಕೂ ಬೀಗ ಜಡಿಯುತ್ತದೆ. ಕಳ್ಳನಿಗೆ ಬೇಕಾದದ್ದು ನಿಮ್ಮ ದುಡ್ಡು, ನಿಮ್ಮ ತಂದೆಯ ಬರಹಗಳಲ್ಲ. ಆದರೆ ದುಡ್ಡನ್ನು ಮತ್ತೆ ದುಡಿಯಬಹುದು. ಆ ಬರಹಗಳನ್ನು ಮತ್ತೆ ಬರೆಯುವವರು ಯಾರು?