ಮಂಜಮ್ಮ ಜೋಗತಿಯವರ ಕುರ್ಚಿ



ಇವತ್ತು ನಾವು ಮಂಜಮ್ಮ ಜೋಗತಿಯವರ ವಿಷಯ ಮಾತಾಡೋಣ. ಅವರು ಬಳ್ಳಾರಿ ಸೀಮೆಯವರು. ಹುಟ್ಟಿದಾಗ ಗಂಡು ಹೆಸರಿಟ್ಟರು. ಬೆಳೆಯುತ್ತಾ ತಾನು ಹೆಣ್ಣು ಅನ್ನಿಸಿತು. ಮನೆಯವರು ದೇವರಿಗೆ ಬಿಟ್ಟು ಜೋಗತಿ ಮಾಡಿದರು. ಮುಂದೆ ಮನೆಯೂ ತಪ್ಪಿತು. ಭಿಕ್ಷೆ ಬೇಡಿ ಹೊಟ್ಟೆ ಹೊರೆದರು.

ಆಮೇಲೆ ಕಾಳವ್ವ ಜೋಗತಿ ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ತಲೆ ಮೇಲೆ ಕೊಡ ಹೊತ್ತು ಕುಣಿಯೋದು, ಎಲ್ಲಮ್ಮನ ಹಾಡು, ಆಟ, ಎಲ್ಲಾ ಇತ್ತು ಆ ತಂಡದಲ್ಲಿ. ಕಾಳವ್ವ ಬರೀ ಒಂದು ಹೊತ್ತು ಊಟ ಹಾಕಿ ಕಳಿಸಿದ್ದರೆ? ಮರುದಿನ ಮತ್ತೆ ಭಿಕ್ಷೆಯೇ ಅಲ್ಲವೇ!

2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ ಆದರು. ಜೋಗತಿಯೊಬ್ಬರು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. 2021ರಲ್ಲಿ ಪದ್ಮಶ್ರೀ ಬಂತು. ದೆಹಲಿಯಲ್ಲಿ ರಾಷ್ಟ್ರಪತಿಯವರಿಗೆ ಸೆರಗಿನಿಂದ ದೃಷ್ಟಿ ತೆಗೆದರು. ನಾವು ಮಕ್ಕಳಿಗೆ ತೆಗೀತೀವಲ್ಲ, ಹಾಗೇ!

ನಮ್ಮ ಊರಲ್ಲಿ? ಗಂಡ ಸತ್ತವಳನ್ನು ಸೋಬಾನೆ ಹಾಡೋಕೆ ಕರೆಯಲ್ಲ. ಅವಳಿಗೇ ಹೆಚ್ಚು ಹಾಡು ಬರುತ್ತೆ! ಕಾಲು ಊನವಾದವಳನ್ನು ಕಂಡರೆ ‘ಅಯ್ಯೋ ಪಾಪ’ ಅಂತೀವಿ. ಪಾಪ ಅಂದರೆ ಅವಳಿಗೆ ಏನು ಬಂತು? ಅವಳಿಗೆ ಲೆಕ್ಕ ಬರುತ್ತೆ. ಸಂಘದ ಲೆಕ್ಕದ ಪುಸ್ತಕ ಅವಳ ಕೈಗೆ ಕೊಡೋಣ. ಹಾಡು ಬಲ್ಲವಳನ್ನು ಮುಂದೆ ಕೂರಿಸೋಣ.

ಸೋಮವಾರ ಸಂಘದ ಸಭೆ ಇದೆ. ಅವರ ಮನೆಗೆ ಹೋಗಿ ಕರೆಯೋರು ಯಾರು, ಈಗಲೇ ಹೇಳಿ.