ಮೈಸೂರು ಎಂಬ ಹಡಗು

ಮಂಡ್ಯ, ಮದ್ದೂರು, ಮಳವಳ್ಳಿಗಳ ನಮಗೆ ನೀರೆಂದರೆ ನಾಲೆ, ಕೆರೆ, ಶಿಂಷೆ. ಆದರೂ ನಮ್ಮ ಸೀಮೆಯ ಹೆಸರು ಕಡಲ ಮೇಲೆ ಸಂಚರಿಸಿತು.

ಬ್ರಿಟಿಷರ ‘ನೈಜೀರಿಯಾ’ ಎಂಬ ಕ್ರೂಸರು 1942ರ ಆಗಸ್ಟಿನಲ್ಲಿ ಮಾಲ್ಟಾದ ದಾರಿಯಲ್ಲಿ ಟಾರ್ಪಿಡೋ ಪೆಟ್ಟು ತಿಂದಿತು. 50ರಷ್ಟು ನಾವಿಕರು ಮಡಿದರೂ ಹಡಗು ಮುಳುಗಲಿಲ್ಲ. ಅದನ್ನು ಕೊಂಡ ಭಾರತವು 1957ರಲ್ಲಿ ‘ಮೈಸೂರು’ ಎಂದು ಹೆಸರಿಟ್ಟಿತು. ಲಾಂಛನ ನಮ್ಮ ಗಂಡಭೇರುಂಡ. 6 ಅಂಗುಲದ 9 ಫಿರಂಗಿಗಳು. ಗಂಟೆಗೆ 30 ನಾವಿಕ ಮೈಲಿ ಮೀರಿದ ವೇಗ. 1971ರ ಯುದ್ಧದಲ್ಲಿ ಅದೇ ಪಶ್ಚಿಮ ನೌಕಾಪಡೆಯ ಧ್ವಜನೌಕೆ.

1985ರಲ್ಲಿ ಅದು ನಿವೃತ್ತವಾಯಿತು. ಕಬ್ಬಿಣ ಸವೆಯಿತು, ಹೆಸರು ಮಾತ್ರ ಕೂಳೆ ಕಬ್ಬಿನಂತೆ ಮತ್ತೆ ಚಿಗುರಿತು. 1999ರಲ್ಲಿ ಸೇವೆಗಿಳಿದ ಹೊಸ ‘ಮೈಸೂರು’ ಮುಂಬಯಿಯಲ್ಲೇ ಕಟ್ಟಿದ್ದು.

ಹೆಸರು ಕೊಟ್ಟ ನಾಡಿಗೂ ಋಣವುಂಟು. ಮಗ ಕಡಲಿಗೆ ಹೊರಟರೆ, ತಾಯಂದಿರೇ, ತಡೆಯಬೇಡಿ.