ತೆಪ್ಪದ ಮೇಲಿನ ಕಲ್ಲು

ರಾಜಘಟ್ಟದಲ್ಲಿ ಕುಳಿತು ನಕ್ಷತ್ರಯಾನದ ಮಾತೇಕೆ ಎಂದು ಯಾರಾದರೂ ಕೇಳಬಹುದು. ಇಲ್ಲಿಗೆ ದೇವನಹಳ್ಳಿ ದೂರವಲ್ಲ. ಅಲ್ಲಿ ಹುಟ್ಟಿದ ಟಿಪ್ಪುವಿನ ಸೈನ್ಯ ರಾಕೆಟ್ಟಿನ ಮದ್ದನ್ನು ಕಬ್ಬಿಣದ ಕೊಳವೆಗೆ ತುಂಬುತ್ತಿತ್ತು. ಕಾಗದಕ್ಕಿಂತ, ಬಿದಿರಿಗಿಂತ ಕಬ್ಬಿಣ ಹೆಚ್ಚು ಒತ್ತಡ ತಾಳುತ್ತದೆ. ಅನಿಲ ರಭಸದಿಂದ ಹಿಂದಕ್ಕೆ ನುಗ್ಗುತ್ತದೆ, ರಾಕೆಟ್ ದೂರ ಹಾರುತ್ತದೆ. ಅಂತರಿಕ್ಷಯಾನದ ಕಷ್ಟವೆಲ್ಲ ಆ ಕೊಳವೆಯಲ್ಲೇ ಇದೆಯೆನ್ನಬೇಕು.

ಕೆರೆಯಲ್ಲಿ ತೆಪ್ಪದ ಮೇಲೆ ನಿಂತು ಹಿಂದಕ್ಕೆ ಕಲ್ಲೆಸೆದರೆ ತೆಪ್ಪ ಮುಂದೆ ಸರಿಯುತ್ತದೆ. ವೇಗ ಬೇಕೆಂದರೆ ಹೆಚ್ಚು ಕಲ್ಲು ಹೇರಬೇಕು; ಹೇರಿದಷ್ಟೂ ತೆಪ್ಪ ಭಾರ. ಇಲ್ಲವೇ ಅದೇ ಕಲ್ಲನ್ನು ಇನ್ನೂ ಜೋರಾಗಿ ಎಸೆಯಬೇಕು.

2013ರ ನವೆಂಬರ್ 5ರಂದು ಹೊರಟ ಮಂಗಳಯಾನವನ್ನೇ ನೋಡಿ. 1,337 ಕಿಲೋ ತೂಕದಲ್ಲಿ 852 ಕಿಲೋ ಬರೀ ಇಂಧನ. ಅಂದರೆ ಮೂರರಲ್ಲಿ ಎರಡು ಪಾಲು ಕಲ್ಲೇ! ದಾರಿಯಲ್ಲಿ ಅದರ ಮುಖ್ಯ ಎಂಜಿನ್ ಸುಮಾರು 300 ದಿನ ಮಲಗಿತ್ತು. ಅದು ಏಳದಿದ್ದರೆ ಮಂಗಳನನ್ನು ಸುತ್ತುವ ಕನಸು ಮುಗಿದಂತೆಯೇ. 2014ರ ಸೆಪ್ಟೆಂಬರ್ 22ರಂದು ನಾಲ್ಕು ಸೆಕೆಂಡು ಉರಿಸಿ ನೋಡಿದರು, ಹೊತ್ತಿಕೊಂಡಿತು. 24ರಂದು ಸುಮಾರು 24 ನಿಮಿಷ ಉರಿಯಬೇಕಿತ್ತು. ಅಷ್ಟರಲ್ಲಿ ನೌಕೆ ಮಂಗಳನ ಮರೆಗೆ ಸರಿಯಿತು. ಎಂಜಿನ್ ಸರಿಯಾಗಿ ನಿಂತಿತೇ ಎಂದು ತಿಳಿಯಲು ಬೆಂಗಳೂರಿನವರು ಉಸಿರು ಬಿಗಿಹಿಡಿದು ಕಾಯಬೇಕಾಯಿತು. ಗೆದ್ದರು. ಆದರೆ 2022ರಲ್ಲಿ ಸಂಪರ್ಕ ಕಡಿದಾಗ, ಇಂಧನ ಮುಗಿದಿರಬೇಕೆಂದು ಇಸ್ರೋ ಹೇಳಿತು. ಕಲ್ಲು ತೀರಿತ್ತು.

ಜೋರಾಗಿ ಎಸೆಯುವ ಉಪಾಯವೂ ಇಸ್ರೋಗೆ ಗೊತ್ತು. ಕ್ಸೆನಾನ್ ಅನಿಲದ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು, ವಿದ್ಯುತ್ತಿನಿಂದ ತಳ್ಳುವ ಎಂಜಿನ್ 2017ರಲ್ಲಿ ದಕ್ಷಿಣ ಏಷ್ಯಾ ಉಪಗ್ರಹದಲ್ಲಿ ಹೋಯಿತು. 2025ರಲ್ಲಿ ಇದೇ ಬಗೆಯ 300 ಮಿಲಿನ್ಯೂಟನ್ ಎಂಜಿನ್ 1,000 ಗಂಟೆಗಳ ಪರೀಕ್ಷೆ ಮುಗಿಸಿತು. ಅದರ ನೂಕು ಮೂವತ್ತು ಗ್ರಾಂ ತೂಕ ಎತ್ತುವಷ್ಟು, ಅಷ್ಟೇ. ನೆಲದಿಂದ ಏಳಲಾರದು, ಶೂನ್ಯದಲ್ಲಿ ತಿಂಗಳುಗಟ್ಟಲೆ ತಳ್ಳುತ್ತಿದ್ದರೆ ವೇಗ ಕೂಡುತ್ತ ಹೋಗುತ್ತದೆ.

ನಕ್ಷತ್ರಕ್ಕೆ ಇದೂ ಸಾಲದು. ಸೆಕೆಂಡಿಗೆ 17 ಕಿಲೋಮೀಟರ್ ಓಡುವ ವಾಯೇಜರ್–1ರ ವೇಗದಲ್ಲಿ, ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ತಲುಪಲು ಸುಮಾರು 75 ಸಾವಿರ ವರ್ಷ ಬೇಕು. ರಾಜಘಟ್ಟದ ಉತ್ಖನನದಲ್ಲಿ ಸಿಕ್ಕ ಬೌದ್ಧರ ಪುಟ್ಟ ಮಣ್ಣಿನ ಸ್ತೂಪಗಳಿಗೆ ಸುಮಾರು ಸಾವಿರದ ಐನೂರು ವರ್ಷ. ಅವನ್ನು ಮಾಡಿದ ದಿನ ಹೊರಟಿದ್ದರೂ ಇಂದಿಗೆ ಐವತ್ತರಲ್ಲಿ ಒಂದು ಪಾಲು ದಾರಿ ಸವೆದಿರುತ್ತಿತ್ತು.

ಹಾಗಾಗಿಯೇ ಕಲ್ಲೇ ಬೇಡ, ಹಾಯಿ ಕಟ್ಟೋಣ ಎಂಬ ಯೋಚನೆ. ಜಪಾನಿನ ಇಕಾರೋಸ್ 2010ರಲ್ಲಿ ಸೂರ್ಯನ ಬೆಳಕಿನ ಒತ್ತಡದಿಂದಲೇ ಸಾಗಿ ತೋರಿಸಿತು. ಭೂಮಿಯಿಂದ ಲೇಸರ್ ಬಿಟ್ಟು ಗ್ರಾಂ ತೂಕದ ನೌಕೆಯನ್ನು ಬೆಳಕಿನ ಐದನೇ ಒಂದು ಭಾಗ ವೇಗಕ್ಕೆ ಒಯ್ಯುವ ಸ್ಟಾರ್‌ಶಾಟ್ ಯೋಜನೆ 2016ರಲ್ಲಿ ಪ್ರಕಟವಾಯಿತು. ಲೆಕ್ಕದ ಪ್ರಕಾರ ಇಪ್ಪತ್ತು ವರ್ಷಗಳ ಪಯಣ. ಆದರೆ ಅದಕ್ಕೆ ಬ್ರೇಕ್ ಇಲ್ಲ. ನಕ್ಷತ್ರದ ಪಕ್ಕ ಸರ್ರನೆ ದಾಟಿಬಿಡುತ್ತದೆ. ತೆಗೆದ ಚಿತ್ರ ನಮಗೆ ಸಿಗಲು ಮತ್ತೆ ನಾಲ್ಕು ವರ್ಷ.